ಕಾರು ಶೆಡ್ಡಿನ ಕುದುರೆ

ಕಾರು ಕೊಳ್ಳುವ ಮೊದಲೇ ಶೆಡ್ಡು ಕಟ್ಟಿಸಿ, ಕೊನೆಗೆ ಅದರಲ್ಲಿ ಕುದುರೆ ಕಟ್ಟಿದ ಗಂಡಸು ಇಡೀ ಮಂಗಳೂರಿನಲ್ಲಿ ನನ್ನ ಭಾವ ಒಬ್ಬರೇ! ಎಪ್ಪತ್ತರ ದಶಕದ ಕೊನೆಯ ಮಾತು. ದಿವಾಳಿಯೆದ್ದ ಸರ್ಕಸ್ಸಿನ ಮುದಿ ಕುದುರೆಯನ್ನು ಅವರು ಕೂಳೂರಿನಿಂದ ಕೊಟ್ಟಾರದ ಮನೆಯವರೆಗೆ ನಡೆಸಿಕೊಂಡು ಬಂದಾಗ ಅಕ್ಕ ಅಂಗಳದಲ್ಲೇ ತಡೆದಳು. “ದನವಾದರೂ ತರಬಾರದಿತ್ತಾ? ಹಾಲು ಕೊಡ್ತಿತ್ತು.”

ಕುದುರೆ ತಂದದ್ದು ಮಗಳಿಗಾಗಿ. ಏಳು ವರ್ಷದ ಆ ಮಗುವಿಗೆ ಮಾತಿಲ್ಲ, ನಡಿಗೆಯಿಲ್ಲ; ಕಾಲುಗಳೆರಡೂ ಕತ್ತರಿಯಂತೆ ಹೆಣೆದುಕೊಂಡು ಸೆಟೆದಿದ್ದವು. ಅವನ್ನು ಬಿಡಿಸದೆ ಸ್ನಾನ ಮಾಡಿಸುವ ಹಾಗಿಲ್ಲ. ಬಿಡಿಸಿದರೆ ಚೀರಾಟ ರಸ್ತೆಗೆ ಕೇಳುತ್ತಿತ್ತು. ದಿನವೂ ನೋವು ಕೊಡುವವಳು ತಾನೇ ಎಂಬ ಕೊರಗಿನಲ್ಲಿ ಅಕ್ಕನಿಗೆ ಬೆಳಗಿನ ತುತ್ತು ಇಳಿಯುತ್ತಿರಲಿಲ್ಲ. ಡಾಕ್ಟರರು ಕೈಚೆಲ್ಲಿದ್ದರು. ಭಾವ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿ ಇಳಿದುಕೊಂಡಿದ್ದ ಜರ್ಮನ್ ವೈದ್ಯರೊಬ್ಬರು, ತಮ್ಮಲ್ಲಿ ಇಂಥ ಮಕ್ಕಳನ್ನು ಕುದುರೆಯ ಮೇಲೆ ಕೂರಿಸುತ್ತಾರೆ, ಅದರ ಮೈಬಿಸಿಗೂ ಓಲಾಟಕ್ಕೂ ಸೆಟೆದ ಕಾಲು ಸಡಿಲಾಗುತ್ತದೆ ಎಂದಿದ್ದರಂತೆ. ಭಾವನಿಗೆ ಅಷ್ಟೇ ಸಾಕಾಯಿತು!

ಆದರೆ ಸರ್ಕಸ್ಸಿನ ಕುದುರೆಗೆ ನೇರ ನಡೆದು ಗೊತ್ತಿದ್ದರೆ ತಾನೆ? ಅದು ಸರ್ಕಸ್ಸಿನ ರಿಂಗೆಂದುಕೊಂಡು ಅಂಗಳದ ಬಾವಿಗೆ ಸುತ್ತು ಹಾಕುವುದು, ಚಪ್ಪಾಳೆ ಕೇಳಿದರೆ ಮುಂಗಾಲು ಮಡಿಸಿ ನಮಸ್ಕಾರ ಮಾಡುವುದು, ಎರಡನ್ನೇ ಬಲ್ಲದು. ಭಾವ ಅದರ ಬೆನ್ನಿಗೆ ಕಂಬಳಿ ಹೊದೆಸಿ, ಮಗುವನ್ನು ಅಡ್ಡ ಕೂರಿಸಿ, ಸೊಂಟ ಹಿಡಿದು ಜೊತೆಗೇ ಸುತ್ತುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಬಾಯಮ್ಮ, ಒಣಹಾಕಿದ ಮೀನಿಗೆ ಬಂದ ಕಾಗೆಗಳನ್ನು ಓಡಿಸಲು ಕೈತಟ್ಟಿದರು. ಕುದುರೆ ನಮಸ್ಕರಿಸಿತು! ಜಾರಿದ ಮಗುವನ್ನು ಭಾವ ಹೇಗೋ ಹಿಡಿದುಕೊಂಡರು. ಸಂಜೆ ಅವರು ಬಿದಿರಿನ ಕೋಲು ಹಿಡಿದು ಆ ಮನೆಗೆ ಹೊರಟಾಗ, ಹೊಡೆದಾಟವೇ ಆದೀತೆಂದು ನಾನು ಹಿಂದೆ ಓಡಿದೆ.

“ಕಾಗೆಗೆ ಇದು ಇಟ್ಟುಕೊಳ್ಳಿ ಬಾಯಮ್ಮ,” ಎನ್ನುತ್ತಿದ್ದರು ಭಾವ. “ನಮ್ಮ ಕುದುರೆಗೆ ಮರ್ಯಾದೆ ಸ್ವಲ್ಪ ಹೆಚ್ಚುಂಟು.”

ಅಕ್ಕ ನಗಲಿಲ್ಲ. ಮಗುವನ್ನು ಬೀಳಿಸಿ ಕೊಲ್ಲುವ ಮೊದಲು ಕುದುರೆ ತೊಲಗಬೇಕು ಎಂದಳು. ಭಾವ ಒಂದು ತಿಂಗಳ ಗಡುವು ಬೇಡಿಕೊಂಡರು.

ಮಗು ನಡೆಯಿತೇ? ಇಲ್ಲ. ಬದುಕಿದ್ದ ಇನ್ನೆರಡು ವರ್ಷದಲ್ಲಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ತಿಂಗಳ ಕೊನೆಗೆ ಒಂದು ಬೆಳಿಗ್ಗೆ, ಸುತ್ತು ಮುಗಿಸಿ ಮಗುವನ್ನು ಅಕ್ಕನ ಕೈಗೆ ಕೊಟ್ಟು ಭಾವ ಕುದುರೆಯ ಮೈ ಉಜ್ಜುತ್ತಿದ್ದರು. ಬಚ್ಚಲಿನಿಂದ ನೀರಿನ ಸದ್ದು ಬಂತು, ಚೀರಾಟ ಬರಲಿಲ್ಲ. ಭಾವನ ಕೈ ನಿಂತಿತು. ನನ್ನ ಮುಖ ನೋಡಿದರು. ಇಬ್ಬರಿಗೂ ಹೊಳೆದದ್ದು ಆಡಬಾರದ ಒಂದೇ ಮಾತು. ಭಾವ ಓಡಿಹೋಗಿ ಬಚ್ಚಲಿನ ಬಾಗಿಲು ಬಡಿದರು.

“ಮೆಲ್ಲ,” ಎಂದಳು ಅಕ್ಕ ಒಳಗಿನಿಂದ. “ಕಾಲು ಬಿಡಿಸಿ ತೊಳೆಯುತ್ತಾ ಇದ್ದೇನೆ. ಮಡಿಲಲ್ಲೇ ನಿದ್ದೆ ಹೋಗಿದ್ದಾಳೆ.”