ಸಾಲ್ಟರ್‌ವಿಕ್ ನಿಲ್ದಾಣದಲ್ಲಿ ಸಿಕ್ಕಿಕೊಂಡ ಸಾಹೇಬರಿಗೆ

ರೈಲು ಕಂಪನಿಯ ಪ್ರಯಾಣಿಕ ಸೌಖ್ಯ ವಿಭಾಗದ ಮುಖ್ಯಸ್ಥರಾದ ಶ್ರೀ ಕ್ರಿಸ್ಪಿನ್ ಲೇತಮ್ ಅವರ ಸನ್ನಿಧಾನಕ್ಕೆ, ಯಾರ್ಕ್‌ಶೈರ್ ಕರಾವಳಿಯ ಸಾಲ್ಟರ್‌ವಿಕ್ ಊರಿನಿಂದ ಬೆರಿಲ್ ಟನಿಕ್ಲಿಫ್ ಎಂಬ ನಿವೃತ್ತ ಕೇಶಾಲಂಕಾರಗಿತ್ತಿ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ಕಿಟಕಿಯಿಂದ ಇಳಿಯುವಾಗ ಉಳುಕಿದ ತಮ್ಮ ಸೊಂಟ ಈಗ ಹದಕ್ಕೆ ಬಂದಿದೆಯೆಂದೂ ನಂಬಿದ್ದೇನೆ. ತಮ್ಮಂಥ ದೊಡ್ಡ ಅಧಿಕಾರಿಗಳು ನಮ್ಮ ನಿಲ್ದಾಣಕ್ಕೆ ಬಂದದ್ದೇ ಒಂದು ಭಾಗ್ಯ. ಬಂದವರು ಹೊರಡಲಾಗದೆ ಒಂದಿಡೀ ಮುಂಜಾನೆ ಉಳಿದುಕೊಂಡದ್ದು ನಾವು ಕನಸಿನಲ್ಲಿಯೂ ಬೇಡದಿದ್ದ ವರ. ಆ ದಿನದ ಸಂಗತಿ ಈಗ ಊರಿನಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ ತಾಳಿ, ಮೀನು ಮತ್ತು ಆಲೂಗಡ್ಡೆ ಕರಿಯುವ ಅಂಗಡಿಯಲ್ಲಂತೂ ತಾವು ಎರಡು ದಿನ ಒಳಗಿದ್ದು ಪಾರಿವಾಳ ತಿಂದಿರೆಂಬ ಮಾತು ಹಬ್ಬಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುವುದು ‘ನಿಲ್ದಾಣದ ಗೆಳೆಯರ ಬಳಗ’ದ ಕಾರ್ಯದರ್ಶಿಯಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಬಳಗದಲ್ಲಿ ನಾವು ನಾಲ್ವರಿದ್ದೇವೆ: ನಾನು, ನನ್ನ ಗೆಳತಿ ಐವಿ ಥ್ರೇಲ್, ಚಾವಣಿ ರಿಪೇರಿಯ ಕ್ಲಿಫರ್ಡ್ ರ‍್ಯಾಮ್ಸ್‌ಡನ್, ಮತ್ತು ಸ್ಪೇನಿಗೆ ಹೋಗಿ ನೆಲೆಸಿದ್ದರೂ ರಾಜೀನಾಮೆ ಕೊಡಲು ಮರೆತಿರುವ ಒಬ್ಬ ಮಹನೀಯರು.

ಮೊದಲಿಗೆ ತಮ್ಮ ಕಂಪನಿಯೂ ಅದಕ್ಕೂ ಹಿಂದಿನವರೂ ನಮ್ಮ ನಿಲ್ದಾಣಕ್ಕೆ ಮಾಡಿದ ಉಪಕಾರಗಳನ್ನು ಸ್ಮರಿಸಬೇಕು. ನಾನು ಚಿಕ್ಕವಳಿದ್ದಾಗ ಇಲ್ಲಿ ಎಂಟು ಪ್ಲಾಟ್‌ಫಾರ್ಮ್‌ಗಳಿದ್ದವು. ಆಗಸ್ಟಿನ ರಜೆಯಲ್ಲಿ ಗಿರಣಿ ಊರುಗಳ ಜನ ಒಂದರ ಹಿಂದೊಂದು ರೈಲಿನಲ್ಲಿ ಬಂದಿಳಿದು, ಗಾಜಿನ ಚಾವಣಿಯ ಕೆಳಗೆ ನಿಂತು, ಸಮುದ್ರದ ವಾಸನೆಗೆ ಮೂಗು ಅರಳಿಸಿಕೊಂಡು ನಗುತ್ತಿದ್ದರು. ಉಪಾಹಾರ ಮಂದಿರದಲ್ಲಿ ಅಮೃತಶಿಲೆಯ ಕಟ್ಟೆಯಿತ್ತು, ಬೆಳ್ಳಿ ಬಣ್ಣದ ಚಹಾ ಪಾತ್ರೆಗಳಿದ್ದವು, ಸ್ಟೇಷನ್ ಮಾಸ್ಟರರಿಗೆ ಊರಿನ ಪಾದ್ರಿಗಿಂತ ಎತ್ತರದ ಟೋಪಿಯಿತ್ತು. ಇಷ್ಟೆಲ್ಲ ಭಾರವನ್ನು ಒಂದು ಸಣ್ಣ ಊರು ಹೊರಲಾರದೆಂದು ಅರಿತ ಕರುಣಾಳುಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಏಳು ಪ್ಲಾಟ್‌ಫಾರ್ಮ್‌ಗಳು ಸೂಪರ್‌ಮಾರ್ಕೆಟ್ಟಿನ ಕಾರು ನಿಲ್ಲಿಸುವ ಬಯಲಾದವು. ಲಂಡನ್ ರೈಲು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಾಮಾನು ತಳ್ಳುವ ಗಾಡಿಗಳು ನಿಲ್ಲುತ್ತವೆ. ಅವು ರೈಲಿನಂತಲ್ಲ, ಹೋದ ಕೂಡಲೇ ಸಿಗುತ್ತವೆ. ಚಾವಣಿಯ ಗಾಜು ಪ್ರಯಾಣಿಕರ ತಲೆಯ ಮೇಲೆ ಬಿದ್ದೀತೆಂದು ಮೊದಲು ಗಾಜನ್ನು ತೆಗೆದಿರಿ, ಆಮೇಲೆ ಅಪಾಯಕ್ಕೆ ಎಡೆಯೇ ಇರದಂತೆ ಪ್ರಯಾಣಿಕರನ್ನೂ ಕಡಿಮೆ ಮಾಡಿದಿರಿ. ಟಿಕೆಟ್ ಕೊಡುವವರ ಜಾಗಕ್ಕೆ ಯಂತ್ರ ಬಂತು, ಯಂತ್ರದ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ಬಂತು. ಸ್ಟೇಷನ್ ಮಾಸ್ಟರರ ಖಾಲಿ ಮನೆಯ ಹೊಗೆಗೂಡಿನ ಮೇಲೆ ಸಂಸಾರ ಹೂಡಿರುವ ಕಡಲಹಕ್ಕಿಯೊಂದು ಮಾತ್ರ ಬರುವ ಪ್ರತಿ ರೈಲಿಗೂ ತಪ್ಪದೆ ಹಾಜರಾಗಿ ಕೂಗುತ್ತದೆ. ಅದನ್ನು ಕಾಯಂ ಮಾಡಿ ಒಂದು ಸಮವಸ್ತ್ರ ಹೊಲಿಸಿಕೊಡಬೇಕೆಂದು ಬಳಗದ ಪ್ರಾರ್ಥನೆ.

ಉಳಿದದ್ದು ಕಾಯುವ ಕೋಣೆಯೊಂದು. ಮೂರು ಚಳಿಗಾಲಗಳ ಹಿಂದೆ, ಸುರಕ್ಷತೆಯ ಕಾರಣಕ್ಕಾಗಿ, ಅದಕ್ಕೂ ಬೀಗ ಬಿತ್ತು. ಯಾರಿಂದ ಯಾರಿಗೆ ಸುರಕ್ಷತೆ ಎಂಬುದನ್ನು ಫಲಕದಲ್ಲಿ ಬರೆದಿರಲಿಲ್ಲ.

ಇಲ್ಲಿ ಐವಿಯ ವಿಷಯ ಹೇಳಬೇಕು. ಅವಳ ಮೂತ್ರಪಿಂಡಗಳು ಕೈಕೊಟ್ಟು ಐದು ವರ್ಷವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳಲು ಜಿಲ್ಲಾಸ್ಪತ್ರೆಗೆ ಬೆಳಗಿನ ರೈಲಿನಲ್ಲಿ ಹೋಗುತ್ತಾಳೆ. ರೈಲು ಬಂದರೆ ಹೋಗುತ್ತಾಳೆ, ಬರುವ ತನಕ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾಳೆ. ನಮ್ಮ ಕಡಲ ಗಾಳಿ ನಾರ್ವೆಯಿಂದ ಹೊರಟು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ನೇರವಾಗಿ ಅವಳ ಎದೆಗೆ ಬರುತ್ತದೆ. ಹೋದ ವರ್ಷದ ಜನವರಿಯಲ್ಲಿ ಅವಳಿಗೆ ನ್ಯುಮೋನಿಯಾ ಆಗಿ, ಇನ್ನು ಈ ಹೆಂಗಸನ್ನು ನೋಡುವುದಿಲ್ಲವೇನೋ ಎಂದು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅತ್ತಿದ್ದೆ. ಅವಳು ಕಣ್ಣು ಬಿಟ್ಟು ಮೊದಲು ಹೇಳಿದ್ದು, “ಅಳ್ಬೇಡ ಕಣೇ, ಮೂಗು ಕೆಂಪಗಾದ್ರೆ ನೀನು ನೋಡೋಕಾಗಲ್ಲ” ಎಂದು. ಅಂದಿನಿಂದ ಬಳಗದ ಕೆಲಸ ಒಂದೇ ಆಯಿತು: ಕಾಯುವ ಕೋಣೆಯ ಬಾಗಿಲು ತೆಗೆಸಿಕೊಡಿ ಎಂದು ತಮಗೆ ಬರೆಯುವುದು.

ನಮ್ಮ ಮನವಿಗಳಿಗೆ ಮನಸೋತು ಈ ವರ್ಷದ ಫೆಬ್ರವರಿಯ ಒಂದು ಮಂಗಳವಾರ ತಾವೇ ಬಂದಿರಿ. ಕೋಣೆಯನ್ನು ತೆರೆಯಲು ಬಂದದ್ದಲ್ಲ, ಅದನ್ನು ಕೆಡವಿ ಅಲ್ಲೊಂದು ಪ್ಲಾಸ್ಟಿಕ್ ಮರೆ ನಿಲ್ಲಿಸಿ, ಕೂರುವ ಬೆಂಚಿನ ಬದಲು ಒರಗಿಕೊಳ್ಳಲು ಒಂದು ಕಬ್ಬಿಣದ ಕಂಬಿ ಹಾಕಲು ಬಂದದ್ದೆಂದು ಆಮೇಲೆ ತಿಳಿಯಿತು. ನಿಂತು ನಿಂತು ಕಾಲು ಸೋತವರು ಕೂರಬಾರದು, ಒರಗಬೇಕು ಎಂಬ ಆ ಕಲ್ಪನೆಗೆ ನಾನು ಇಂದಿಗೂ ಮನಸಾರೆ ತಲೆದೂಗುತ್ತೇನೆ. ಎತ್ತುಗಳಿಗೂ ಯಾರೂ ಇಷ್ಟು ಯೋಚನೆ ಮಾಡಿರಲಾರರು.

ಅಂದು ತಾವೇ ತಂದ ಬೀಗದ ಕೈಯಿಂದ ಕೋಣೆ ತೆರೆದು, “ಸೇಫ್ಟಿ ಕಾರಣಕ್ಕೆ ನೀವ್ಯಾರೂ ಒಳಗೆ ಬರೋ ಹಾಗಿಲ್ಲ” ಎಂದು ನಮಗೆ ಹೇಳಿ, ಚಿತ್ರ ತೆಗೆಯಲು ಒಬ್ಬರೇ ಒಳಗೆ ಹೋದಿರಿ. ಆಗ ಗಾಳಿ ಬಂತು. ಓಕ್ ಮರದ ಆ ಬಾಗಿಲು ಮೂರು ವರ್ಷ ಮಳೆ ಕುಡಿದು ಉಬ್ಬಿತ್ತು. ಒಂದೇ ಏಟಿಗೆ ಧಡಾರನೆ ಮುಚ್ಚಿಕೊಂಡು ಚೌಕಟ್ಟನ್ನು ಕಚ್ಚಿ ಹಿಡಿಯಿತು. ನಾನೂ ಕ್ಲಿಫರ್ಡನೂ ಹೊರಗಿನಿಂದ ತಳ್ಳಿದೆವು, ತಾವು ಒಳಗಿನಿಂದ ಎಳೆದಿರಿ, ಹಿಡಿಕೆ ತಮ್ಮ ಕೈಗೆ ಬಂತು. ಗೋಡೆಗಳು ಹಳೆಯ ಕಾಲದ ದಪ್ಪ ಗೋಡೆಗಳಾದ್ದರಿಂದ ತಮ್ಮ ಫೋನೂ ಉಸಿರೆತ್ತಲಿಲ್ಲ.

ತಮ್ಮ ಕಂಪನಿಯವರೇ ಪ್ಲಾಟ್‌ಫಾರ್ಮಿನಲ್ಲಿ ನೆಟ್ಟಿರುವ ಸಹಾಯದ ಗುಂಡಿಯನ್ನು ನಾನು ಒತ್ತಿದೆ. ಬಹಳ ದೂರದ ಯಾವುದೋ ಊರಿನಿಂದ ಒಬ್ಬ ಯುವಕ ಮಾತಾಡಿದ.

“ಸಾಲ್ಟರ್‌ವಿಕ್‌ನಲ್ಲಿ ವೇಟಿಂಗ್ ರೂಮೇ ಇಲ್ವಲ್ಲ ಮೇಡಂ. ನಮ್ಮ ಕಂಪ್ಯೂಟರ್‌ನಲ್ಲಿ ತೋರಿಸ್ತಾ ಇಲ್ಲ.”

“ಇಲ್ದೇ ಇರೋ ರೂಮಲ್ಲೇ ನಿಮ್ಮ ಸಾಹೇಬ್ರು ಸಿಕ್ಕಾಕೊಂಡಿದಾರಪ್ಪಾ!”

ಅವನು ಟಕಟಕನೆ ಏನನ್ನೋ ಒತ್ತಿ, “ಅವ್ರ ಹತ್ರ ಟಿಕೆಟ್ ಇದ್ಯಾ?” ಎಂದು ಕೇಳಿದ.

ಕ್ಲಿಫರ್ಡ್ ಏಣಿ ತರಲು ಮನೆಗೆ ಹೋದ. ಅದೇ ಹೊತ್ತಿಗೆ ಐವಿ ಆಸ್ಪತ್ರೆಗೆ ಹೊರಟು ಬಂದಳು. ರೈಲು ತಡವೆಂದು ಗೊತ್ತಾಗಿ, ತನ್ನ ಮಡಚುವ ಕುರ್ಚಿಯನ್ನು ಬಾಗಿಲ ಪಕ್ಕದ ಪುಟ್ಟ ಕಿಂಡಿಯ ಒಡೆದ ಗಾಜಿನ ಹತ್ತಿರ ಹಾಕಿಕೊಂಡಳು. ಒಳಗಿನಿಂದ ತಮ್ಮ ಧ್ವನಿ ಕೇಳಿಸಿತು: “ಯಾರಿದೀರಾ ಅಲ್ಲಿ? ಇಲ್ಲಿ ತುಂಬಾ ಚಳಿ ಕಣ್ರೀ!”

“ಹೊರಗೂ ಅದೇ ಚಳಿನೇ ಕಂದಾ,” ಎಂದಳು ಐವಿ. “ಆದ್ರೆ ನಿಂಗೆ ಗಾಳಿ ಇಲ್ಲ ನೋಡು, ಅದೊಂದು ಪುಣ್ಯ.”

ಅವಳು ಊರಿನ ಪೋಸ್ಟ್‌ಮನ್ನನ್ನೂ ಕಂದಾ ಎನ್ನುತ್ತಾಳೆ, ಬಿಷಪ್ಪರನ್ನೂ ಕಂದಾ ಎಂದಿದ್ದಾಳೆ. ತಾವು ತಪ್ಪು ತಿಳಿಯಬಾರದು. ತನ್ನ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ತೆಗೆದು ಅವಳು ಆ ಒಡೆದ ಗಾಜಿನ ಸಂದಿಯಿಂದ ಒಳಗೆ ದೂಡಿದಾಗ ನಾನು ಬೈದೆ. “ಹುಚ್ಚು ಹಿಡಿದಿದ್ಯಾ ನಿಂಗೆ? ಡಾಕ್ಟ್ರು ಏನಂದ್ರು?” ಅವಳು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ತಾವು ಒಳಗಿನಿಂದ, ಅವಳು ಎಲ್ಲಿಗೆ ಹೊರಟಿದ್ದಾಳೆಂದು ಕೇಳಿದಿರಿ. ಅವಳು ಹೇಳಿದಳು: ಯಂತ್ರ, ಸೂಜಿ, ನಾಲ್ಕು ತಾಸು ಮಲಗಿರುವುದು, ಮರಳಿ ಬರುವಾಗಿನ ತಲೆಸುತ್ತು. ಅನಂತರ ಬಹಳ ಹೊತ್ತು ತಮ್ಮ ಮಾತೇ ಇರಲಿಲ್ಲ. ತಮಗೇನಾದರೂ ಆಯಿತೋ ಎಂದು ನಾನು ಬಾಗಿಲು ಬಡಿದೆ. “ಇದೀನಿ,” ಎಂದಿರಿ, ಅಷ್ಟೇ.

ಕ್ಲಿಫರ್ಡ್ ಏಣಿ ತಂದು ಎತ್ತರದ ಕಿಟಕಿಯನ್ನು ಕಿತ್ತು ತೆಗೆಯುವಾಗಲೇ ರೈಲು ಬಂತು. ತಾವು ಒಂದು ಕಾಲನ್ನು ಒಳಗೆ ಬೆಂಕಿಗೂಡಿನ ನೆತ್ತಿಯ ಹಲಗೆಯ ಮೇಲೂ ಇನ್ನೊಂದನ್ನು ಹೊರಗೆ ಏಣಿಯ ಮೇಲೂ ಇಟ್ಟು, ಪಾರಿವಾಳಗಳು ಮೂರು ವರ್ಷದಿಂದ ಕೂಡಿಟ್ಟ ಆಸ್ತಿಯನ್ನು ಬೆನ್ನ ಮೇಲೆ ಹೊತ್ತು, ರಬ್ಬರ್ ಚೀಲವನ್ನು ಎದೆಗವಚಿಕೊಂಡು ಕಾಣಿಸಿಕೊಂಡಾಗ ಎರಡೂ ಬೋಗಿಗಳ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಅಷ್ಟು ಜನ ಒಟ್ಟಿಗೆ ಸಂತೋಷಪಟ್ಟದ್ದನ್ನು ಈ ನಿಲ್ದಾಣ ನನ್ನ ಬಾಲ್ಯದ ನಂತರ ಕಂಡಿರಲಿಲ್ಲ. ಐವಿ ರೈಲು ಹತ್ತುತ್ತಿದ್ದಳು. “ಅಮ್ಮಾ, ನಿಮ್ಮ ಚೀಲ!” ಎಂದು ತಾವು ಕಿಟಕಿಯಿಂದಲೇ ಕೂಗಿದಿರಿ.

“ಇಟ್ಕೋ ಕಂದಾ,” ಎಂದಳು ಅವಳು. “ನಿನ್ನ ರೈಲು ಬರೋಕೆ ಇನ್ನೂ ಹೊತ್ತಿದೆ.”

ಆಮೇಲೆ ತಾವು ಏಣಿಯ ಕೊನೆಯ ಮೆಟ್ಟಿಲು ತಪ್ಪಿದಿರಿ. ಸೊಂಟ ಹಿಡಿದುಕೊಂಡೇ ನನ್ನ ಕೈ ಕುಲುಕಿ, “ಮುಂದಿನ ವಾರವೇ ಇದನ್ನ ಸರಿ ಮಾಡ್ತೀನಿ” ಎಂದು ಮಾತು ಕೊಟ್ಟು, ಟ್ಯಾಕ್ಸಿಯಲ್ಲಿ ಹೋದಿರಿ. ಕ್ಲಿಫರ್ಡ್ ನಂಬಲಿಲ್ಲ. “ಬಿಸಿನೀರಲ್ಲಿ ಸ್ನಾನ ಮಾಡಿದ ಮೇಲೆ ಎಲ್ಲಾ ಮರ‍್ತೋಗತ್ತೆ ಬಿಡು” ಎಂದ.

ಮುಂದಿನ ತಿಂಗಳು ತಮ್ಮ ಸಹಿಯಿರುವ ಆದೇಶವೊಂದು ನಿಲ್ದಾಣದ ಫಲಕದಲ್ಲಿ ಕಾಣಿಸಿತು. ಒಂದು, ಕಾಯುವ ಕೋಣೆಯ ಬಾಗಿಲು ಜೀವಕ್ಕೆ ಅಪಾಯಕಾರಿಯಾದ್ದರಿಂದ ಅದನ್ನು ಕೂಡಲೇ ಕಿತ್ತು ಸಾಗಿಸತಕ್ಕದ್ದು. ಎರಡು, ಕೆಡವುವ ಕೆಲಸ ಮುಂದಿನ ಆಯವ್ಯಯದವರೆಗೆ ತಡೆಹಿಡಿಯಲ್ಪಟ್ಟಿರುವುದರಿಂದ ಕೋಣೆಗೆ ಬೀಗ ಹಾಕತಕ್ಕದ್ದು. ನಾನು ಓದಿ ಅಲ್ಲಿಯೇ ಕುಸಿದು ಕೂರುವವಳಿದ್ದೆ, ಕೂರಲು ಜಾಗವಿರಲಿಲ್ಲ. ಸೋಮವಾರ ಇಬ್ಬರು ಬಂದು ಬಾಗಿಲನ್ನು ಲಾರಿಗೆ ಹೇರಿದರು. ಬಾಗಿಲು ತೆಗೆಸಿಕೊಡಿ ಎಂದು ನಾವು ಬೇಡಿದ್ದನ್ನು ತಾವು ಅಕ್ಷರಶಃ ನಡೆಸಿಕೊಟ್ಟಿರಿ. ಮರುದಿನ ಇನ್ನೊಂದು ವಿಭಾಗದಿಂದ ಒಬ್ಬಾತ ಹೊಚ್ಚ ಹೊಸ ಬೀಗ ಹಿಡಿದು ಬಂದ. ಚೌಕಟ್ಟಿನ ಎದುರು ನಿಂತು ಬೀಗವನ್ನೊಮ್ಮೆ, ಬಯಲನ್ನೊಮ್ಮೆ ನೋಡಿದ.

“ಇದನ್ನ ಎಲ್ಲಿಗೆ ಹಾಕ್ಲಿ?”

ಐವಿ ಒಳಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತು ಉಣ್ಣೆ ಹೆಣೆಯುತ್ತಿದ್ದಳು. “ನನ್ನ ಬಾಯಿಗೇ ಇರ್ಬೇಕು, ಕಂದಾ” ಎಂದಳು. ಅವನು ನಕ್ಕು, ಚಹಾ ಕುಡಿದು, ಬೀಗವನ್ನು ಜೇಬಿಗೆ ಹಾಕಿಕೊಂಡು ಹೋದ.

ಕೋಣೆ ಈಗ ಹಗಲೂ ರಾತ್ರಿಯೂ ತೆರೆದೇ ಇದೆ. ದಪ್ಪ ಗೋಡೆಗಳು ಮೂರು ದಿಕ್ಕಿನ ಗಾಳಿಯನ್ನು ತಡೆಯುತ್ತವೆ. ಕಿತ್ತ ಕಿಟಕಿಯನ್ನು ಮರಳಿ ಕೂರಿಸಿದ ಕ್ಲಿಫರ್ಡ್ ನಾಲ್ಕನೆಯದಕ್ಕೆ ದಪ್ಪನೆಯ ಪರದೆಯೊಂದನ್ನು ಇಳಿಬಿಟ್ಟಿದ್ದಾನೆ. ಪರದೆಗೆ ಬೀಗ ಹಾಕುವ ವಿಧಾನವನ್ನು ತಮ್ಮವರು ಇನ್ನೂ ಕಂಡುಹಿಡಿದಿಲ್ಲ.

ಮಾನ್ಯರೇ, ಇದು ತಮ್ಮ ಕಚೇರಿಯ ದಡ್ಡತನವೋ, ತಾವು ಬೇಕೆಂದೇ ಹೂಡಿದ ಉಪಾಯವೋ ಎಂದು ಊರಿನಲ್ಲಿ ಎರಡು ಪಂಗಡಗಳಾಗಿವೆ. ದಡ್ಡತನವೇ ಎಂದು ಕ್ಲಿಫರ್ಡ್ ಒಂದು ಲೋಟ ಬಿಯರಿನ ಬಾಜಿ ಕಟ್ಟಿದ್ದಾನೆ. “ಆ ಹುಡ್ಗ ಒಳಗಡೆ ಅಳ್ತಾ ಇದ್ದ, ನಂಗೆ ಕೇಳಿಸ್ತು” ಎಂದು ಐವಿ ಹೇಳುತ್ತಾಳೆ. ತಾವು ಉತ್ತರಿಸಬೇಡಿ ಎಂಬುದೇ ನನ್ನ ವಿನಂತಿ. ಉಪಾಯವಾಗಿದ್ದರೆ ತಮ್ಮ ಮೇಲಿನವರಿಗೆ ತಿಳಿದುಬಿಟ್ಟೀತು. ದಡ್ಡತನವಾಗಿದ್ದರೆ ತಮಗೇ ತಿಳಿದುಬಿಟ್ಟೀತು. ಎರಡರಿಂದಲೂ ನಮಗೆ ಬಾಗಿಲು ಮರಳಿ ಬರುವ ಅಪಾಯವಿದೆ.

ತಮ್ಮ ಅಜಾಗರೂಕತೆ ಹೀಗೆಯೇ ಬಹುಕಾಲ ಬಾಳಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಬೆರಿಲ್ ಟನಿಕ್ಲಿಫ್

ತಾಜಾಕಲಂ: ಪಕ್ಕದ ಊರಾದ ಮಾರ್‌ಬಿಯವರು ತಮ್ಮನ್ನು ಅರ್ಧ ದಿನದ ಮಟ್ಟಿಗೆ ಎರವಲು ಕೇಳುತ್ತಿದ್ದಾರೆ. ಅವರ ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ನಾಲ್ಕು ವರ್ಷದಿಂದ ಬೀಗ ಬಿದ್ದಿದೆ. ತಾವು ಒಮ್ಮೆ ಒಳಗೆ ಹೋಗಿ ಪರಿಶೀಲಿಸಬೇಕಂತೆ. ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆಯನ್ನು ಅವರೇ ನೋಡಿಕೊಳ್ಳುತ್ತಾರಂತೆ.