ಷರಾ ಕಾಲಂನಲ್ಲೊಂದು ಪಾಪ

ನಾನು ಮೃದು ಸ್ವಭಾವದವನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದಕ್ಕೆ ಬೇಸರವಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೇರೆ ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ವಯಸ್ಸಾದವರು ನಿಂತಿದ್ದರೆ ಎದ್ದು ಸೀಟು ಬಿಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಅನಿಸುತ್ತಿರುವಾಗಲೇ ಚಳ್ಳಕೆರೆ ಬಂದುಬಿಡುತ್ತದೆ. ಮನೆಯಲ್ಲಿ ಹೆಂಡತಿ ಬೆಳಗಿನಿಂದ ದುಡಿಯುವುದನ್ನು ನೋಡಿ ಮರುಗಿ, "ಪಾಪ" ಎನ್ನುತ್ತೇನೆ. "ಅಂದಿದ್ದು ಸಾಕು, ಆ ತಟ್ಟೆ ಎತ್ತಿಡ್ರಿ" ಎನ್ನುತ್ತಾಳೆ.

ಮೊಳಕಾಲ್ಮೂರಿನಿಂದ ವರ್ಗವಾಗಿ ನಮ್ಮ ಪಶುಪಾಲನಾ ಇಲಾಖೆಯ ಕಚೇರಿಗೆ ಬಂದ ಅರುಣಾ ಅವರನ್ನು ಕಂಡಾಗಲೂ ನನಗೆ ಹಾಗೇ ಆಯಿತು. ರೇಷ್ಮೆ ಸೀರೆ ನೇಯುವವರ ಮನೆಯ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಒಂದು ಕಾಲಿಗೆ ಬಲವಿಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ ದಿನವೂ ನನಗಿಂತ ಮೊದಲೇ ಬಂದು ಕೂತಿರುತ್ತಾರೆ. ಪರಶುರಾಂಪುರ, ದೊಡ್ಡಉಳ್ಳಾರ್ತಿ ಕಡೆ ಹೋಗಿ ಕುರಿಗಳಿಗೆ ಲಸಿಕೆ ಹಾಕಿದ್ದಾರೋ ಇಲ್ಲವೋ ತಪಾಸಣೆ ಮಾಡಿಬರುವ ಕೆಲಸ ನಮ್ಮಲ್ಲಿ ಸರದಿಯ ಮೇಲೆ ಬರುತ್ತದೆ. ಸರದಿಯ ಪಟ್ಟಿ ಮಾಡುವ ಸೂಪರಿಂಟೆಂಡೆಂಟ್ ನಾನು. ಅರುಣಾ ಅವರ ಸರದಿ ಬಂದಾಗಲೆಲ್ಲ ಹೆಸರು ಹೊಡೆದುಹಾಕಿ ಷರಾ ಕಾಲಂನಲ್ಲಿ 'ಪಾಪ' ಎಂದು ಬರೆದೆ. ಹೀಗೆ ನಾಲ್ಕು ಸಲ. ಅವರನ್ನು ಒಂದು ಮಾತೂ ಕೇಳಲಿಲ್ಲ. ಕೇಳಿ ನೋಯಿಸುವುದು ನನ್ನ ಸ್ವಭಾವದಲ್ಲಿಲ್ಲ.

ತಪಾಸಣೆಯ ಅನುಭವವಿಲ್ಲದೆ ಅವರಿಗೆ ಬಡ್ತಿ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾಗಲಿಲ್ಲ, ಅಷ್ಟೆ. ನೆನಪಿಸಿದ್ದು ಅವರು ಕೊಟ್ಟ ದೂರು. ಅಂಗವೈಕಲ್ಯವನ್ನೇ ಕಾರಣ ಮಾಡಿಕೊಂಡು ಯಾರಿಗೂ ಬಡ್ತಿ ತಪ್ಪಿಸುವಂತಿಲ್ಲ ಎನ್ನುತ್ತದೆ ಕಾಯ್ದೆ. ಇಂಥ ದೂರು ಕೇಳುವುದಕ್ಕೆ ಸರ್ಕಾರಿ ಕಚೇರಿಗಳಲ್ಲಿ ಒಬ್ಬ ಅಧಿಕಾರಿ ಇರಬೇಕು ಎಂದೂ ಹೇಳುತ್ತದೆ. ನಮ್ಮಲ್ಲಿ ಆ ಅಧಿಕಾರಿಯೂ ನಾನೇ. ನೇಮಕ ಮಾಡಿದ ದಿನ ನಾನು ರಜೆಯಲ್ಲಿದ್ದೆ. ನನ್ನ ಮೇಲಿನ ದೂರನ್ನು ನಾನೇ ವಿಚಾರಿಸುವುದು ಹೇಗೆಂದು ಮೇಲಿನವರಿಗೆ ಬರೆದೆ. 'ತಮ್ಮ ಹಂತದಲ್ಲೇ ಕ್ರಮ ಕೈಗೊಳ್ಳಿ' ಎಂದು ವಾಪಸ್ ಬಂತು. ಹೀಗಾಗಿ ಅರುಣಾ ಅವರನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

"ನಿಮಗೆ ತೊಂದರೆ ಆಗಬಾರದು ಅಂತ ಅಲ್ವೇನಮ್ಮ ನಾನು..." ಎಂದು ಶುರುಮಾಡಿದೆ.

"ತೊಂದ್ರೆ ಆದ್ರೆ ನಾನೇ ಹೇಳ್ತೀನಿ ಸಾರ್, ಬಾಯಿ ಐತೆ. ಅದೇನು ಪಾಪ ಅಂತ ಬರ್ದಿದೀರಿ? ನಮ್ಮನೇಲಿ ತೆಲುಗು. ಪಾಪ ಅಂದ್ರೆ ಕೂಸು. ನನಗೆ ಮೂವತ್ತೈದು ವರ್ಷ."

ನಿಜವಾಗಿಯೂ ನಾಚಿಕೆಯಾಯಿತು. ಮುಂದಿನ ನಾಲ್ಕು ತಪಾಸಣೆಯೂ ಅವರದೇ ಎಂದು ಅಲ್ಲೇ ಆದೇಶ ಬರೆದೆ. ಸಹಿ ಹಾಕಬೇಕೆನ್ನುವಾಗ ದೂರಿನ ಅರ್ಜಿಯಲ್ಲಿ ಒಂದು ಸಾಲು ಖಾಲಿ ಇರುವುದು ಕಂಡಿತು: 'ದೂರುದಾರರಿಗೆ ತಪ್ಪಿದ ಅವಕಾಶ ಯಾರಿಗೆ ಹೋಯಿತು?'

"ಇದನ್ನ ಯಾಕಮ್ಮ ಹಾಗೇ ಬಿಟ್ಟಿದ್ದೀರಿ?"

"ನೀವೇ ತುಂಬಿ ಸಾರ್. ನಾನ್ ಬರೆದ್ರೆ ನಿಮ್ಮ ಮನಸ್ಸಿಗೆ ನೋವಾಗುತ್ತೇನೋ ಅಂತ ಬಿಟ್ಟೆ."

ಹಳೆಯ ಪಟ್ಟಿ ತೆಗೆದು ನೋಡುವ ಅಗತ್ಯವಿರಲಿಲ್ಲ. ನಾಲ್ಕು ಸಲವೂ ಜೀಪು ಹತ್ತಿ ಹೋಗಿ, ಕುರಿಹಟ್ಟಿಯವರು ಮಾಡಿಸಿದ ಬಾಡೂಟ ಉಂಡು, ಬೇವಿನ ಮರದಡಿ ಒಂದು ನಿದ್ದೆ ತೆಗೆದು ಬಂದವನು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಸರು ಬರೆದೆ. ಪಕ್ಕದಲ್ಲಿ ಹುದ್ದೆಯನ್ನೂ ಕೇಳಿದ್ದರು. ನನಗಿದ್ದ ಎರಡರಲ್ಲಿ ಘನವಾದದ್ದನ್ನೇ ಬರೆದೆ: ಅಂಗವಿಕಲರ ಕುಂದುಕೊರತೆ ನಿವಾರಣಾಧಿಕಾರಿ.