ಬಿಳಿ ನೀರು ತಿಳಿಯಾಗುವ ತನಕ

ನೀರಿನ ಕೆಲಸದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಳ ತಿರುವಿದರೆ ಸಾಕು, ಮೊದಲು ಗಾಳಿ ಬರುತ್ತದೆ, ಆಮೇಲೆ ನೀರು, ಅದರ ಹಿಂದೆಯೇ ಜನ.

ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ನನಗೆ ನಳದ ನೀರು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಮಬ್ಬು ನೀರಿನ ದೂರು ಬಂದ ಮನೆಗೆ ಹೋಗುವುದು, ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುವುದು. ಮಬ್ಬು ಕರಗುವುದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅರ್ಧ ಎಚ್ಚರ, ಅರ್ಧ ಕನಸು. ಇಂಥದ್ದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ನಾನು ಖುಷಿಯಾಗಿದ್ದೆ.

ಅವ್ವನಿಗೆ ಮಾತ್ರ ಚಿಂತೆ. ಹೆಣ್ಣು ಕೇಳಲು ಹೋದ ಕಡೆಯಲ್ಲೆಲ್ಲ "ಹುಡುಗ ಚಲೋ ಅದಾನ್ರಿ, ಆದ್ರ ನಮ್ಮ ನಳದಾಗ ರಾಡಿ ನೀರು ಬಿಡಾವ ಇವನ ಅಲ್ಲೇನ್ರಿ?" ಎಂದು ಕಳಿಸಿಬಿಡುತ್ತಿದ್ದರು. ನಾನು ನೀರು ಬಿಡುವವನಲ್ಲ, ಬರೀ ನೋಡುವವನು ಎಂದರೆ ಕೇಳುವವರಾರು? "ನೀ ಹಿಂಗ ಗಲಾಸ ನೋಡಿಕೋಂತ ಕುಂತ್ರ ನಿನ್ನ ಯಾರು ನೋಡ್ತಾರೋ ಯಪ್ಪಾ?" ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಹಾಲಿನಂಥ ನೀರು

ರಾಯಚೂರಿನ ಒಂದು ಓಣಿಯ ಅಜ್ಜಿ ಕಚೇರಿಗೇ ಬಂದಳು. "ನಮ್ಮ ನಳದಾಗ ಹಾಲಿನಂಗ ಬೆಳ್ಳಗ ನೀರು ಬರಾಕತ್ತಾದ. ಏನು ಔಷಧ ಸುರಿದೀರಿ?" ಎಂದು ಜಗಳಕ್ಕೇ ನಿಂತಳು.

ಹೋದೆ. ಗ್ಲಾಸು ತುಂಬಿ ಕಟ್ಟೆಯ ಮೇಲಿಟ್ಟೆ. "ಕೆಳಗಿಂದ ತಿಳಿಯಾಗುತ್ತಾ ಮೇಲೆ ಬಂದರೆ ಅದು ಗಾಳಿ, ಹೆದರಬೇಡ. ಮಬ್ಬು ತಳಕ್ಕೆ ಕೂತರೆ ಅದು ಮಣ್ಣು" ಎಂದೆ. ಓಣಿಯ ಹೆಂಗಸರೆಲ್ಲ ಸುತ್ತ ಕೂತರು. ಸಣ್ಣ ಸಣ್ಣ ಗುಳ್ಳೆಗಳು ಮೇಲೇರುತ್ತಾ ಹೋದವು, ತಳದಿಂದ ಬೆಳಗು ಹರಿದಂತೆ ನೀರು ತಿಳಿಯಾಯಿತು. ಒಲೆಯ ಮೇಲೆ ಯಾರದೋ ಬೇಳೆ ಸೀದ ವಾಸನೆ ಬಂದಾಗಲೇ ಎಲ್ಲರಿಗೂ ಎಚ್ಚರ.

ಮರುದಿನ ಅಜ್ಜಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಒಂದು ಗ್ಲಾಸು ಹಾಲು. ನನ್ನ ಮೇಜಿನ ಮೇಲಿಟ್ಟು ಎದುರಿಗೇ ಕೂತಳು.

"ಇದು ನಮ್ಮ ಹಾಲಿನಾಕಿ ಕೊಟ್ಟದ್ದು. ಇದನ್ನೂ ಒಂದೀಟು ನೋಡು ಯಪ್ಪಾ. ಇದೂ ಪೂರಾ ತಿಳಿ ಆಗ್ತದಂತ ನನಗ ಅನುಮಾನ."

ನಿಜಾಮರ ಕಾಲದ ನೀರು

ಮಳೆಗಾಲದಲ್ಲಿ ಮಾನ್ವಿಗೆ ಹಾಕಿದರು. ಹೊಳೆಗೆ ಹೊಸ ನೀರು ಬಂದಿತ್ತು. ನಳದಲ್ಲಿ ಚಹಾದ ಬಣ್ಣ. ಅಲ್ಲಿ ಒಬ್ಬ ಅಜ್ಜ ದಿನಾ ನನ್ನನ್ನು ತಡೆದು ನಿಲ್ಲಿಸುತ್ತಿದ್ದ. "ನಿಜಾಮರ ಕಾಲದಾಗ ನೀರು ಹೆಂಗಿತ್ತು ಗೊತ್ತೇನು? ತಳದಾಗ ಬಿದ್ದ ಸೂಜಿ ಕಾಣ್ತಿತ್ತು!" ಎಂದು ಶುರುವಾದರೆ ಮಧ್ಯಾಹ್ನವಾಗುತ್ತಿತ್ತು. ನಾನೋ, ಕೇಳುತ್ತಾ ಕೇಳುತ್ತಾ ಆ ಸೂಜಿಯನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ.

ಒಂದು ದಿನ ಎಚ್ಚರವಾಗಿದ್ದು ಉಪಾಯ ಹೇಳಿಕೊಟ್ಟೆ. ಗಡ್ಡ ಹೆರೆದ ಮೇಲೆ ಕೆನ್ನೆಗೆ ತಿಕ್ಕುತ್ತಾರಲ್ಲ, ಅದೇ ಪಟಿಕ. ಸಣ್ಣ ತುಂಡನ್ನು ಕೊಡದ ನೀರಿನಲ್ಲಿ ಒಂದೆರಡು ಸುತ್ತು ಆಡಿಸಿ ತೆಗೆಯಿರಿ, ಮಣ್ಣು ತಳಕ್ಕೆ ಕೂರಲಿ, ಮೇಲಿನ ತಿಳಿ ಬಗ್ಗಿಸಿಕೊಂಡು ಕುದಿಸಿ ಕುಡಿಯಿರಿ ಎಂದೆ.

ಅಜ್ಜ ನಕ್ಕ. "ಸರಕಾರದವ್ರು ಏನ ಕೊಟ್ರೂ ಕಡಿಮಿನ ಕೊಡ್ತೀರಿ." ಕಿರಾಣಿ ಅಂಗಡಿಗೆ ಹೋಗಿ ಮುಷ್ಟಿ ಗಾತ್ರದ ಗಡ್ಡೆ ತಂದು ಕೊಡದಲ್ಲೇ ಬಿಟ್ಟು ಮಲಗಿದ. ಬೆಳಗ್ಗೆ ಎಲ್ಲರಿಗಿಂತ ಮೊದಲು ಒಂದು ಚೆಂಬು ಗಟಗಟ ಕುಡಿದ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ; ಇದು ವಿಷವಾಗಲಿಲ್ಲ, ಹಸಿ ಬಾಳೆಕಾಯಿ ಜಗಿದವನಂತೆ ಅಜ್ಜನ ಬಾಯಿ ಪೂರಾ ಒಗರಾಗಿ ಮಾತೇ ನಿಂತಿತು.

ನಾನು ಹೆದರಿ ನೋಡಲು ಹೋದೆ. ಅಜ್ಜ ಆರಾಮಾಗಿದ್ದ, ಕಟ್ಟೆಯ ಮೇಲೆ ತುಟಿ ಮುದುಡಿಕೊಂಡು ಕೂತಿದ್ದ. ಓಣಿ ತಂಪಾಗಿತ್ತು; ಗುಬ್ಬಿಗಳ ಸದ್ದೂ ಕೇಳುತ್ತಿತ್ತು. ಹೊರಡುವಾಗ ಅಜ್ಜನ ಹೆಂಡತಿ ಬಾಗಿಲ ಮರೆಯಿಂದ ಮೆಲ್ಲಗೆ ಕರೆದಳು.

"ಯಪ್ಪಾ, ಆ ಗಡ್ಡಿ ಕರಗಿ ಹೋತು. ಇನ್ನೊಂದು ತಂದು ಕೊಡ್ತೀ ಏನು?"

ತವರಿನ ಹರವಿ

ದೇವದುರ್ಗದಲ್ಲಿ ಒಬ್ಬ ತಾಯಿಯ ಮನೆಯದು ವಿಚಿತ್ರ ದೂರು. ನಳದಿಂದ ಹಿಡಿದಾಗ ನೀರು ತಿಳಿ, ದೊಡ್ಡ ಮಣ್ಣಿನ ಹರವಿಗೆ ಸುರಿದರೆ ರಾಡಿ. ನಳದ ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿದ್ದರು, ಬಟ್ಟೆಯೂ ಒಗೆದದ್ದೇ.

"ತಾಯಿ, ಹರವಿ ತೊಳೆದು ಎಷ್ಟು ದಿನವಾಯಿತು?" ಎಂದೆ.

ಆಕೆಗೆ ಸಿಟ್ಟು ಬಂತು. "ಅದು ನಮ್ಮ ತವರುಮನಿ ಹರವಿ. ಮಸರಕಲ್ಲ ಊರಿಂದ ಬಂಡ್ಯಾಗ ಮಡಲಾಗ ಇಟ್ಟುಕೊಂಡು ತಂದೀನಿ. ಅದರಾಗ ರಾಡಿ ಇರಾಂಗಿಲ್ಲ. ರಾಡಿ ಇದ್ರ ನಿಮ್ಮ ನಳದ್ದು!"

ಅಂಗಿಯ ತೋಳು ಮೇಲೇರಿಸಿ ಹರವಿಯ ತಳಕ್ಕೆ ಕೈ ಹಾಕಿದೆ. ಒಂದು ಬೊಗಸೆ ಮಣ್ಣು ಬಂತು, ಕರ್ರಗೆ, ಮೆತ್ತಗೆ. ಇಬ್ಬರೂ ಅದನ್ನೇ ನೋಡಿದೆವು. ಆಕೆಯ ಸಿಟ್ಟು ಇಳಿಯಿತು. ಬೆರಳಿನಿಂದ ಮುಟ್ಟಿ ಮೂಸಿ ನೋಡಿದಳು, ಕಣ್ಣು ಎಲ್ಲೋ ಹೋಯಿತು. ಮದುವೆಯಾದಾಗಿನಿಂದ ಆಕೆ ತವರು ಕಂಡದ್ದು ಕಡಿಮೆಯೇನೋ.

"ನಮ್ಮೂರ ಎರಿ ಮಣ್ಣ ಇದ್ದಂಗ ಅದ ನೋಡ್ರಿ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಇರಲಿ. ಎಲ್ಲಿಂದ ತಗದೀರಿ, ಅಲ್ಲೇ ಹಾಕಿಬಿಡ್ರಿ."

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನಗೆ ಮಜ್ಜಿಗೆಯೂ ಸಿಗಲಿಲ್ಲ.

ಹೆಣ್ಣು ನೋಡಿದ್ದು

ಕೊನೆಗೆ ರಾಯಚೂರಿನಲ್ಲೇ ಒಂದು ಮನೆಯವರು "ಬಂದು ನೋಡ್ರಿ" ಎಂದರು. ಹುಡುಗಿಯ ತಂದೆ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ದಾರಿಯುದ್ದಕ್ಕೂ ಅವ್ವ ಒಂದೇ ಮಾತು ಹೇಳಿದಳು. "ಇವತ್ತರ ಹುಡುಗಿನ ನೋಡೋ. ನೀರಿನ ಸುದ್ದಿ ಬಾಯಾಗ ತರಬ್ಯಾಡ. ಈ ಮನಿನೂ ಕೈ ಬಿಟ್ರ ನಿನ್ನ ಮದಿವಿ ಆಸೆ ನಾನೂ ಬಿಡ್ತೀನಿ."

ಬಂದವರಿಗೆ ಮೊದಲು ನೀರು ಕೊಡುವುದು ಪದ್ಧತಿ. ಹುಡುಗಿ ತಟ್ಟೆಯಲ್ಲಿ ಗಾಜಿನ ಗ್ಲಾಸು ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟು ಎದುರಿಗೆ ನಿಂತಳು. ನೀರು ಬೆಳ್ಳಗೆ, ಮಬ್ಬು. ಅವ್ವನ ಮುಖವೂ ಹಾಗೇ ಆಯಿತು.

ಏನು ಮಾಡಲಿ, ಅಭ್ಯಾಸಬಲ. ಬಗ್ಗಿ ಗ್ಲಾಸನ್ನೇ ನೋಡಿದೆ. ತಳ ತಿಳಿಯಾಯಿತು, ಆಚೆ ಕಾಲ್ಗೆಜ್ಜೆ ಕಂಡವು. ಇನ್ನಷ್ಟು ತಿಳಿಯಾಯಿತು, ಇಳಕಲ್ ಸೀರೆಯ ಅಂಚು, ಹಸಿರು ಬಳೆ. ಅವ್ವ ತೊಡೆ ಚಿವುಟಿದಳು. ಬೇರೆ ಯಾರದೋ ತೊಡೆ ಅನಿಸಿತು. ಕೊನೆಯ ಗುಳ್ಳೆಗಳೂ ಹೋದವು, ನೀರಿನಾಚೆ ಒಂದು ಮುಖ, ನಗು ತಡೆದುಕೊಂಡು. ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಗ್ಲಾಸು ಎತ್ತಿ ಪೂರಾ ಕುಡಿದೆ.

ತಂದೆ ಮಗಳ ಮೇಲೆ ರೇಗಿದರು. "ಗಡಗ್ಯಾಗ ತಿಳಿ ನೀರು ಇತ್ತಲ್ಲ, ನಳದ ನೀರು ಯಾಕ ತಂದಿ?"

"ಮೊದಲು ಬಂದಾವ್ರೆಲ್ಲ ಒಂದು ಸಲ ನನ್ನ ನೋಡಿ ಉಪ್ಪಿಟ್ಟಿಗಿ ಕೈ ಹಾಕಿದ್ರು," ಎಂದಳು ಹುಡುಗಿ. "ಇವ್ರು ಎಷ್ಟೊತ್ತು ಕಾಯ್ತಾರ ನೋಡಾಮಂತ ತಂದೀನಿ."

ಅವ್ವನಿಗೆ ತಡೆಯಲಾಗಲಿಲ್ಲ. "ಯವ್ವಾ, ನಿನಗ ಸುಳ್ಳು ಯಾಕ ಹೇಳ್ಲಿ? ಸುಮ್ನ ಕಾಯೋದೊಂದು ಬಿಟ್ರ ಇವನಿಗಿ ಬ್ಯಾರೆ ಏನೂ ಬರಾಂಗಿಲ್ಲ!"

ಹುಡುಗಿ ಖಾಲಿ ಗ್ಲಾಸು ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಇರಲಿ ಬಿಡ್ರಿ ಅತ್ತಿ. ನಳದ ಪಾಳಿಗಿ ನಿಲ್ಲಿಸಾಕ ಇಂಥಾವ್ರ ಬೇಕು."